ವಿಲನ್‌ಗಳ ಅರ್ಜಿ

ನಾನು ಬಾಗಲಕೋಟೆಯ ನವನಗರದಲ್ಲಿ ಬಾಂಡ್ ರೈಟರ್. ಖರೀದಿ ಪತ್ರ, ವಾಟ್ನಿ (ಆಸ್ತಿ ಪಾಲು) ಪತ್ರ, ಅಫಿಡವಿಟ್ ಎಲ್ಲ ಮಾಡಿಕೊಡುತ್ತೇನೆ. ಆದರೆ ಮನೆ ನಡೆಯೋದು ಜಾಸ್ತಿ ಮುಳುಗಡೆ ಅರ್ಜಿಗಳಿಂದ, ಅಂದರೆ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹೊಲ ಮನೆ ಕಳೆದುಕೊಂಡವರ ಅರ್ಜಿಗಳಿಂದ. ಪರಿಹಾರ ಕಮ್ಮಿ ಬಂದಿದೆ. ಪ್ಲಾಟ್ ಸಿಕ್ಕಿಲ್ಲ. ಅಣ್ಣನ ಹೆಸರು ಪಟ್ಟಿಯಲ್ಲಿದೆ, ತಮ್ಮನದು ಇಲ್ಲ. ಇದನ್ನೇ ಬರೆದು ಬರೆದು ಸಿನಿಮಾ ನೋಡುವಾಗಲೂ ಒಂದು ಚಾಳಿ ಅಂಟಿಕೊಂಡಿದೆ. ಯಾರ ಅರ್ಜಿಯನ್ನು ಯಾರು ತಿರಸ್ಕರಿಸಿದರು ಅಂತ ಮೊದಲು ನೋಡುತ್ತೇನೆ.

ನನ್ನ ಮಗನಿಗೆ ಸೂಪರ್‌ಹೀರೋ ಸಿನಿಮಾಗಳ ಹುಚ್ಚು. ಅವನ ಜೊತೆ ಕೂತು ನಾನೂ ಎಲ್ಲ ನೋಡಿಬಿಟ್ಟಿದ್ದೇನೆ. ಅವನಿಗೆ ಯಾರ ಶಕ್ತಿ ಎಷ್ಟು ಅನ್ನೋದು ಮುಖ್ಯ. ನನಗೆ ವಿಲನ್‌ನ ತಕರಾರು ಮುಖ್ಯ. ಈಗಿನ ವಿಲನ್‌ಗಳು ಹಳೆಯವರ ಹಾಗೆ ಸುಮ್ನೆ ಜಗತ್ತು ಆಳಬೇಕು ಅಂತ ಬರೋದಿಲ್ಲ. ಕೈಯಲ್ಲಿ ಅರ್ಜಿ ಹಿಡಿದುಕೊಂಡೇ ಬರುತ್ತಾರೆ. ಬಹಳ ಸಲ ಅರ್ಜಿಯಲ್ಲಿರುವ ಮಾತು ನ್ಯಾಯವಾಗಿಯೇ ಇರುತ್ತದೆ.

ನನಗೆ ಎಲ್ಲರಿಗಿಂತ ಇಷ್ಟವಾದವನು 2017ರ ‘ಸ್ಪೈಡರ್‌ಮ್ಯಾನ್: ಹೋಮ್‌ಕಮಿಂಗ್’ ಸಿನಿಮಾದ ಏಡ್ರಿಯನ್ ಟೂಮ್ಸ್. ಮೈಕಲ್ ಕೀಟನ್ ಮಾಡಿದ ಪಾತ್ರ. ಅವನೊಬ್ಬ ಗುತ್ತಿಗೆದಾರ, ಅಷ್ಟೇ. ಹೀರೋಗಳೆಲ್ಲ ಸೇರಿ ನ್ಯೂಯಾರ್ಕಿನಲ್ಲಿ ಹೊಡೆದಾಡಿ ಹೋದ ಮೇಲೆ ಬಿದ್ದ ಅವಶೇಷ ತೆಗೆಯುವ ಕೆಲಸ ಅವನಿಗೆ ಸಿಕ್ಕಿರುತ್ತದೆ. ಅದನ್ನು ನಂಬಿ ಲಾರಿ ಕೊಳ್ಳುತ್ತಾನೆ, ಹೊಸ ಆಳುಗಳನ್ನು ತೆಗೆದುಕೊಳ್ಳುತ್ತಾನೆ. ಒಂದು ದಿನ ಸೂಟು ಹಾಕಿದವರು ಬಂದು, ಇನ್ನು ಮೇಲೆ ಈ ಕೆಲಸ ನಮ್ಮ ಇಲಾಖೆಯದು, ನೀವು ಹೊರಡಿ ಅನ್ನುತ್ತಾರೆ. ಆ ಇಲಾಖೆ ಸರ್ಕಾರ ಮತ್ತು ಐರನ್‌ಮ್ಯಾನ್‌ನ ಸ್ಟಾರ್ಕ್ ಸೇರಿ ಮಾಡಿದ್ದು. ಒಡೆದು ಹಾಕಿದ ಗುಂಪಿನಲ್ಲಿದ್ದವನಿಗೇ ಈಗ ಎತ್ತುವ ಕೆಲಸದಲ್ಲೂ ಪಾಲು!

ಇದನ್ನು ಬಾಗಲಕೋಟೆಯವರಿಗೆ ಬಿಡಿಸಿ ಹೇಳಬೇಕಾ? ನನ್ನ ತಮ್ಮ ಒಂದು ಪುನರ್ವಸತಿ ಕೇಂದ್ರದ ರಸ್ತೆಗೆ ಗರಸು ಹೊಡೆಯುವ ಕೆಲಸ ನಂಬಿ ಸಾಲ ಮಾಡಿ ಎರಡನೇ ಟ್ರ್ಯಾಕ್ಟರ್ ತೆಗೆದುಕೊಂಡಿದ್ದ. ಮಧ್ಯದಲ್ಲೇ ಕೆಲಸ ಹೊರಗಿನ ದೊಡ್ಡ ಪಾರ್ಟಿಯ ಕೈಗೆ ಹೋಯಿತು. ಟ್ರ್ಯಾಕ್ಟರ್ ಮನೆ ಮುಂದೆ ನಿಂತಿತು, ಕಂತು ಮಾತ್ರ ನಿಲ್ಲಲಿಲ್ಲ. ಅವನಿಗೆ ಟೂಮ್ಸ್‌ನ ಹಾಗೆ ಹಾರುವ ಯಂತ್ರದ ರೆಕ್ಕೆ ಸಿಗಲಿಲ್ಲ. ಕಬ್ಬಿನ ಹಂಗಾಮು ಸಿಕ್ಕಿತು. ಕಾರ್ಖಾನೆಗೆ ಕಬ್ಬು ಹೊಡೆದು ಸಾಲ ತೀರಿಸಿದ.

ಟೂಮ್ಸ್ ನನ್ನ ಟೇಬಲ್ಲಿಗೆ ಬಂದಿದ್ದರೆ ಹೀಗೆ ಬರೆದುಕೊಡುತ್ತಿದ್ದೆ. ‘ವಿಷಯ: ಮಂಜೂರಾದ ಕೆಲಸವನ್ನು ಪೂರ್ವ ಸೂಚನೆ ಇಲ್ಲದೆ ರದ್ದುಪಡಿಸಿದ ಬಗ್ಗೆ. ಮಾನ್ಯರೇ, ಸದರಿ ಕೆಲಸದ ಸಲುವಾಗಿ ಲಾರಿಗಳನ್ನು ಖರೀದಿಸಿದ್ದು, ಸದರಿ ನಷ್ಟ ಭರಿಸಿಕೊಡಬೇಕಾಗಿ ವಿನಂತಿ.’ ಕೆಳಗೆ ಸಹಿ, ಜೊತೆಗೆ ಲಾರಿ ಬಿಲ್ಲಿನ ಝೆರಾಕ್ಸ್. ಗೆಲ್ಲುವಂಥ ಕೇಸು ಅಲ್ವಾ?

ಆದರೆ ಸಿನಿಮಾ ಅದನ್ನು ವಿಚಾರಣೆಗೇ ತೆಗೆದುಕೊಳ್ಳುವುದಿಲ್ಲ. ಟೂಮ್ಸ್ ಕಳ್ಳ ಆಯುಧ ಮಾರುತ್ತಾನೆ, ಕೊಲೆಗೂ ಇಳಿಯುತ್ತಾನೆ. ಅಲ್ಲಿಗೆ ಅವನ ಅರ್ಜಿ ವಜಾ. ಕೊನೆಗೆ ಅವನು ಜೈಲಿಗೆ ಹೋಗುತ್ತಾನೆ. ಲಾರಿಗಳ ಮಾತನ್ನು ಯಾರೂ ಎತ್ತುವುದಿಲ್ಲ.

ಈ ಉಪಾಯ ಈಗಿನ ಎಷ್ಟೋ ಸಿನಿಮಾಗಳಲ್ಲಿದೆ. ಮೊದಲು ವಿಲನ್ ಬಾಯಲ್ಲಿ ನಿಜವಾದ ಪ್ರಶ್ನೆ ಇಡುತ್ತಾರೆ, ನಾವು ತಲೆ ಆಡಿಸುತ್ತೇವೆ. ಅಷ್ಟರಲ್ಲಿ ಅವನ ಕೈಯಿಂದ ಯಾರೋ ಅಮಾಯಕರನ್ನು ಕೊಲ್ಲಿಸುತ್ತಾರೆ. ಆಮೇಲೆ ಪ್ರಶ್ನೆಗೆ ಉತ್ತರ ಕೊಡುವ ಜರೂರು ಯಾರಿಗೂ ಇರುವುದಿಲ್ಲ.

2021ರ ‘ದಿ ಫಾಲ್ಕನ್ ಅಂಡ್ ದಿ ವಿಂಟರ್ ಸೋಲ್ಜರ್’ ನೋಡಿದಾಗ ನನಗೆ ಸಿಟ್ಟೇ ಬಂತು. ಅದು ಸಿನಿಮಾ ಅಲ್ಲ, ಸರಣಿ. ಜಗತ್ತಿನ ಅರ್ಧ ಜನ ಮಾಯವಾಗಿ ಐದು ವರ್ಷದ ಮೇಲೆ ವಾಪಸ್ ಬಂದಿರುತ್ತಾರೆ. ಅವರು ಇಲ್ಲದಾಗ ಗಡಿ ತೆರೆದು, ಬೇರೆಯವರನ್ನು ಕರೆದು, ಖಾಲಿ ಮನೆಗಳಲ್ಲಿ ಇಟ್ಟಿದ್ದರು. ಈಗ ಹಳಬರು ಬಂದರು, ನೀವು ಜಾಗ ಖಾಲಿ ಮಾಡಿ ಅನ್ನುತ್ತಾರೆ. ಅವರಿಗೆ ಸಿಗೋದು ಶಿಬಿರ. ಅವರ ಪರ ನಿಂತವಳು ಕಾರ್ಲಿ ಎಂಬ ಹುಡುಗಿ. ಅವಳ ಮಾತು ಕೇಳುವಾಗ ನನ್ನ ಟೇಬಲ್ಲಿಗೆ ಬರುವ ಹತ್ತಾರು ಮುಖ ನೆನಪಾದವು. ಅಷ್ಟರಲ್ಲಿ ಅವಳು ಜನರು ಒಳಗಿರುವಾಗಲೇ ಒಂದು ಕಟ್ಟಡ ಸ್ಫೋಟಿಸುತ್ತಾಳೆ. ನಾನು ರಿಮೋಟ್ ಇಟ್ಟು ಎದ್ದುಹೋದೆ. ಎತ್ತಂಗಡಿಯಾದವರೆಲ್ಲ ಬಾಂಬ್ ಹಿಡಿಯುತ್ತಾರಾ? ಇಲ್ಲಿ ತಲೆಮಾರುಗಳಿಂದ ಜನ ಅರ್ಜಿ ಹಿಡಿದಿದ್ದಾರೆ, ಧರಣಿ ಕೂತಿದ್ದಾರೆ, ಕೋರ್ಟಿಗೆ ಅಲೆದಿದ್ದಾರೆ.

ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟಿದ್ದು 1964ರಲ್ಲಿ. ಈಗ 519.60 ಮೀಟರ್ ತನಕ ನೀರು ನಿಲ್ಲಿಸುತ್ತಾರೆ. 524.256 ಮೀಟರ್ ತನಕ ನಿಲ್ಲಿಸಬಹುದು ಎಂದು ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಹೇಳಿತು. ಈ ಎರಡು ಅಂಕಿಗಳ ನಡುವಿನ ಹೊಲ ಮನೆಗಳವರ ಬದುಕು ಸಿನಿಮಾದವರಿಗೆ ಗೊತ್ತಿಲ್ಲ. ಮಾಳಿಗೆ ಸೋರುತ್ತಿದೆ, ರಿಪೇರಿ ಮಾಡಿಸಬೇಕೋ ಬಿಡಬೇಕೋ? ಹೇಗೂ ಮುಳುಗುವ ಊರು ಅಂತ ಹೆಣ್ಣು ಕೊಡುವವರೂ ಹಿಂದೆ ಮುಂದೆ ನೋಡುತ್ತಾರೆ. ಅದಕ್ಕೆ ಸ್ಫೋಟ ಬೇಕಾಗಿಲ್ಲ.

‘ಬ್ಲ್ಯಾಕ್ ಪ್ಯಾಂಥರ್’ ಸ್ವಲ್ಪ ಮೇಲು. 2018ರ ಸಿನಿಮಾ, ರಯಾನ್ ಕೂಗ್ಲರ್ ನಿರ್ದೇಶನ. ನಿಮ್ಮ ಹತ್ತಿರ ಇಷ್ಟು ಸಂಪತ್ತು, ಇಷ್ಟು ವಿದ್ಯೆ ಇದ್ದೂ ಹೊರಗೆ ಒದ್ದಾಡುತ್ತಿರುವ ನಮ್ಮ ಕಪ್ಪು ಜನರ ಕಡೆ ಯಾಕೆ ತಿರುಗಿ ನೋಡಲಿಲ್ಲ ಅಂತ ವಿಲನ್ ಕಿಲ್‌ಮಾಂಗರ್ ವಕಾಂಡ ಎಂಬ ಆಫ್ರಿಕದ ರಾಜ್ಯದವರನ್ನು ಕೇಳುತ್ತಾನೆ. ಅವನೂ ಎಲ್ಲರ ಹಾಗೆ ಕೊಲೆಗಾರ. ಆದರೆ ಅವನು ಸತ್ತ ಮೇಲೆ ಅಲ್ಲಿನ ರಾಜ ಟಿಚಾಲ ಅಮೆರಿಕದ ಓಕ್‌ಲ್ಯಾಂಡಿಗೆ ಹೋಗಿ, ಕಟ್ಟಡ ಕೊಂಡು, ಅಲ್ಲಿನ ಜನರಿಗಾಗಿ ಕೇಂದ್ರ ತೆರೆಯಲು ಹೊರಡುತ್ತಾನೆ. ಅರ್ಜಿದಾರ ಸತ್ತರೂ ಅರ್ಜಿ ಅರ್ಧ ಮಂಜೂರು. ನಮ್ಮ ಕಡೆ ಅದೂ ಹಾಗೇ, ಎಷ್ಟೋ ಪರಿಹಾರ ಬರೋದು ವಾರಸುದಾರರಿಗೆ.

‘ಅವೆಂಜರ್ಸ್’ ಸಿನಿಮಾಗಳ ಥಾನೋಸ್ ಬಗ್ಗೆ ನನ್ನ ಮಗ ಗಂಟೆಗಟ್ಟಲೆ ಮಾತಾಡುತ್ತಾನೆ. ನನಗೆ ಆ ವಿಲನ್ ಅಷ್ಟಕ್ಕಷ್ಟೇ. ಅನ್ನ ಸಾಲುತ್ತಿಲ್ಲ, ಅರ್ಧ ಜನರನ್ನು ಅಳಿಸಿದರೆ ಉಳಿದವರಿಗೆ ಸಾಲುತ್ತದೆ ಅನ್ನೋದು ಅವನ ವಾದ. ಯಾರ ಹತ್ತಿರ ಎಷ್ಟಿದೆ, ಯಾಕೆ ಸಾಲುತ್ತಿಲ್ಲ ಅಂತ ಅವನು ಕೇಳುವುದೇ ಇಲ್ಲ. ಕಾಮಿಕ್ಸ್‌ನಲ್ಲಿ ಅವನು ಅರ್ಧ ಲೋಕ ಅಳಿಸಿದ್ದು ಮೃತ್ಯುದೇವಿಯನ್ನು ಮೆಚ್ಚಿಸಲು. ಅದೇ ವಾಸಿ, ಪ್ರೇಮದ ಹುಚ್ಚು ಅಂತ ಬಿಟ್ಟುಬಿಡಬಹುದು.

2019ರ ‘ಜೋಕರ್’ನಲ್ಲಿ ಕುಣಿತ, ಮೆಟ್ಟಿಲು ಎಲ್ಲರಿಗೂ ನೆನಪು. ನನಗೆ ನೆನಪಿರೋದು ಸರ್ಕಾರಿ ಆಪ್ತಸಮಾಲೋಚಕಿ. ಅನುದಾನ ಕಡಿತವಾಗಿದೆ, ಇನ್ನು ಭೇಟಿ ಇಲ್ಲ ಅನ್ನುತ್ತಾಳೆ. ನಿನ್ನಂಥವರ ಗೋಜು ಅವರಿಗಿಲ್ಲ, ನನ್ನಂಥವರದೂ ಇಲ್ಲ ಅನ್ನುವ ಅರ್ಥದ ಮಾತನ್ನೂ ಸೇರಿಸುತ್ತಾಳೆ. ಕೌಂಟರಿನ ಆ ಕಡೆ ಇರುವವರಿಗೂ ಕೈ ಕಟ್ಟಿರುತ್ತದೆ ಅಂತ ತೋರಿಸಿದ ಸಿನಿಮಾ ಕಮ್ಮಿ.

2022ರ ‘ದಿ ಬ್ಯಾಟ್‌ಮನ್’ ಮಾತ್ರ ನನ್ನನ್ನು ಬಹಳ ಕಾಡಿತು. ಅನಾಥಾಶ್ರಮದಲ್ಲಿ ಬೆಳೆದ ವಿಲನ್ ರಿಡ್ಲರ್ ಲೆಕ್ಕಪತ್ರ ನೋಡುವವನು. ಊರಿನ ಬಡವರ ಉದ್ಧಾರಕ್ಕೆ ಅಂತ ಎತ್ತಿಟ್ಟ ದೊಡ್ಡ ನಿಧಿಯನ್ನು ದೊಡ್ಡವರೆಲ್ಲ ಹಂಚಿಕೊಂಡು ತಿಂದಿದ್ದಾರೆ. ಅದನ್ನು ಪತ್ತೆ ಹಚ್ಚಿದವನೇ ಅವನು! ಆದರೂ ಕೊನೆಗೆ ಅವನ ಬಾಂಬುಗಳು ಸಮುದ್ರದ ತಡೆಗೋಡೆ ಒಡೆಯುತ್ತವೆ, ಗಾಥಮ್ ನಗರಕ್ಕೆ ನೀರು ನುಗ್ಗುತ್ತದೆ. ಹಳೇ ಬಾಗಲಕೋಟೆಯ ಮನೆ ಬಿಟ್ಟು ಬಂದವನು ನಾನು. ಆ ದೃಶ್ಯದಲ್ಲಿ ನನಗೆ ಭಯವಾಗಲಿಲ್ಲ. ಇಷ್ಟು ಸುಲಭನಾ ಅನ್ನಿಸಿತು. ಒಂದೇ ರಾತ್ರಿ, ಒಬ್ಬನೇ ಪಾಪಿ. ನಮ್ಮ ಕಡೆ ನೀರು ನೋಟಿಸು ಕೊಟ್ಟು ಬಂತು. ಸರ್ವೆಯವರು ಬಂದರು, ಮನೆ ಬಾಗಿಲಿಗೆ ನಂಬರ್ ಬಿತ್ತು, ಪರಿಹಾರದ ಚೆಕ್ಕು ಬಂತು, ಆಮೇಲೆ ಘಟಪ್ರಭೆಯ ಕಡೆಯಿಂದ ಹಿನ್ನೀರು. ಯಾರ ಮುಖಕ್ಕೆ ಗುದ್ದೋದು? ಅದೇ ಆಲಮಟ್ಟಿ ನೀರು ಕಾಲುವೆಯಲ್ಲಿ ವಿಜಯಪುರ ಜಿಲ್ಲೆಗೂ ಹೋಗುತ್ತದೆ. ನನ್ನ ತಂಗಿಯನ್ನು ಕೊಟ್ಟಿರೋದು ಬಸವನ ಬಾಗೇವಾಡಿ ಕಡೆ. ಆ ನೀರು ಬಂದ ಮೇಲೆ ಅವಳ ಹೊಲದಲ್ಲಿ ದ್ರಾಕ್ಷಿ ನಿಂತಿದೆ. ನಮ್ಮ ಮನೆ ಮುಳುಗಿಸಿದ ನೀರಿನ ಒಣದ್ರಾಕ್ಷಿಯನ್ನು ಪ್ರತಿ ವರ್ಷ ನಮ್ಮ ಮನೆಗೇ ಕಳಿಸುತ್ತಾಳೆ, ನಾವು ತಿನ್ನುತ್ತೇವೆ. ಇಂಥ ಕಥೆಯಲ್ಲಿ ವಿಲನ್ ಪಾತ್ರವನ್ನು ಯಾರಿಗೆ ಕೊಡುತ್ತೀರಿ?

ವಿಲನ್‌ಗೆ ಮರ್ಯಾದೆ ಕೊಡೋದು ಹಾಲಿವುಡ್ಡಿನ ಹೊಸ ಶೋಧ ಅಂತ ಯಾರಾದರೂ ಅಂದರೆ ನಗು ಬರುತ್ತದೆ. ನಮ್ಮ ಮುಧೋಳದ ರನ್ನ ಸಾವಿರ ವರ್ಷದ ಹಿಂದೆಯೇ ಅದನ್ನು ಮಾಡಿ ತೋರಿಸಿದ. ‘ಗದಾಯುದ್ಧ’ದಲ್ಲಿ ಭೀಮ ಹೀರೋ, ತನ್ನ ದೊರೆ ಸತ್ಯಾಶ್ರಯನನ್ನೇ ಭೀಮನಿಗೆ ಹೋಲಿಸಿ ಬರೆದ. ಆದರೂ ಓದಿದವರ ಮನಸ್ಸಿನಲ್ಲಿ ಉಳಿಯುವವನು ದುರ್ಯೋಧನ. ಹೆಣಗಳ ನಡುವೆ ಒಬ್ಬನೇ ನಡೆಯುತ್ತಾನೆ. ಕರ್ಣನನ್ನು ನೋಡಿ ಅಳುತ್ತಾನೆ, ಶತ್ರುವಿನ ಮಗ ಅಭಿಮನ್ಯುವಿನ ಶೌರ್ಯಕ್ಕೂ ಕೈ ಮುಗಿಯುತ್ತಾನೆ. ಅವನ ತಪ್ಪನ್ನು ರನ್ನ ಮುಚ್ಚಿಡಲಿಲ್ಲ. ದುಃಖವನ್ನೂ ಅರ್ಧಕ್ಕೇ ಕತ್ತರಿಸಲಿಲ್ಲ. ಈ ಸೈರಣೆಯನ್ನು ಇತ್ತೀಚೆಗೆ ನಾನು ಕಂಡಿದ್ದು 2021ರ ಮಲಯಾಳಂ ಸಿನಿಮಾ ‘ಮಿನ್ನಲ್ ಮುರಳಿ’ಯಲ್ಲಿ. ಚಹಾ ಅಂಗಡಿಯ ಶಿಬು ವಿಲನ್. ಗುರು ಸೋಮಸುಂದರಂ ಆ ಪಾತ್ರ ಮಾಡಿದ ರೀತಿಗೆ ಹೀರೋನೇ ಮರೆತುಹೋಗುತ್ತಾನೆ. ಹುಚ್ಚ ಅಂತ ಊರೇ ದೂರ ಇಟ್ಟ ಮನುಷ್ಯ ಅವನು.

ಇದನ್ನೆಲ್ಲ ಮಗನಿಗೆ ಹೇಳಿದೆ. ಬ್ಯಾಟ್‌ಮನ್ ಹತ್ತಿರ ಅಷ್ಟು ದುಡ್ಡಿದೆ, ಅಷ್ಟು ವಕೀಲರಿದ್ದಾರೆ, ಒಂದು ಸಲ ರಿಡ್ಲರ್‌ನ ಫೈಲ್ ಹಿಡಿದುಕೊಂಡು ಆಫೀಸಿನಿಂದ ಆಫೀಸಿಗೆ ಅಲೆಯಲಿ ಅಂದೆ.

"ಅಪ್ಪಾ, ಬ್ಯಾಟ್‌ಮನ್ ಬಂದು ತಹಶೀಲ್ದಾರ್ ಆಫೀಸಿನ್ಯಾಗ ಕುಂತ್ರ ಯಾರ್ ನೋಡ್ತಾರ?"

"ನಾ ನೋಡ್ತೀನಿ. ಮೊದ್ಲ ಫೈಲ್ ಸಹಿ ಆಗ್ಲಿ. ಆಮ್ಯಾಲ ಬೇಕಾದ್ರ ಹೊಡದಾಡ್ಲಿ."