ರಾಜಾ ಅಂಪತ್‌ಗೆ ಡೈವಿಂಗ್‌ಗೆ ಹೊರಟಿದ್ದೀರಾ? ಮೊದಲು ನೀರಿನ ಸೆಳೆತದ ಬಗ್ಗೆ ಕೇಳಿ

ದೋಣಿಗೆ ದುಡ್ಡು ಕಟ್ಟುವ ಮುಂಚೆ ಒಂದು ಮಾತು ಕೇಳಿ: "ನಮ್ಮ ರೂಮಿನ ಗೋಡೆಯಾಚೆ ಏನಿದೆ?" ನಾವು ಕೇಳಲಿಲ್ಲ. ಇಂಡೋನೇಷ್ಯಾದ ಸೊರೊಂಗ್ ಊರಿನಿಂದ ರಾಜಾ ಅಂಪತ್ ದ್ವೀಪಗಳಿಗೆ, ದೋಣಿಯಲ್ಲೇ ಉಳಿಯುವ ಏಳು ರಾತ್ರಿಯ ಡೈವಿಂಗ್ ಪ್ರವಾಸ. ಫೋಟೋದಲ್ಲಿ ದೊಡ್ಡ ಕಿಟಕಿ, ಬೆಳಕು ಎಲ್ಲ ಇತ್ತು. ಸಿಕ್ಕಿದ್ದು ಕೆಳಗಿನ ಅಂತಸ್ತಿನ ರೂಮು, ಗೋಡೆಯಾಚೆ ಜನರೇಟರ್. ರಾತ್ರಿಯಿಡೀ ಮಂಚ ನಡುಗುತ್ತಿತ್ತು, ದಿಂಬಿಗೂ ಡೀಸೆಲ್ ವಾಸನೆ. ಮೇಲಿನ ರೂಮಿನವರು ಕೊಟ್ಟಿದ್ದೂ ಅಷ್ಟೇ ದುಡ್ಡು ಅಂತ ಮೂರನೇ ದಿನ ಗೊತ್ತಾಯಿತು. ಆಮೇಲೆ ನಾನು, ಗೆಳೆಯ ಇಬ್ಬರೂ ಚಾಪೆ ತಗೊಂಡು ಡೆಕ್ ಮೇಲೇ ಮಲಗಿದೆವು. ಸಮುದ್ರ ಉದ್ಯಾನದ ಪರವಾನಗಿ, ಟಾರ್ಚ್ ಬಾಡಿಗೆ ಎಲ್ಲ ಬೇರೆ. ಏನೇನು ಸೇರಿದೆ ಅಂತ ಬರೆಸಿಕೊಳ್ಳಿ. ನಗದನ್ನು ಸೊರೊಂಗ್‌ನಲ್ಲೇ ತೆಗೆದಿಟ್ಟುಕೊಳ್ಳಿ.

ಆದರೆ ನನಗೆ ಜಾಸ್ತಿ ಸಿಟ್ಟು ಬಂದಿದ್ದು ರೂಮಿನ ವಿಷಯಕ್ಕಲ್ಲ. ನಾವು ಎಷ್ಟು ಡೈವ್ ಮಾಡಿದ್ದೇವೆ ಅಂತ ಯಾರೂ ಕೇಳಲೇ ಇಲ್ಲ. ನನ್ನ ಲಾಗ್‌ಬುಕ್ಕಿನಲ್ಲಿದ್ದದ್ದು ಮೂವತ್ತು. ಕಲಿತದ್ದು ಮುರುಡೇಶ್ವರದ ಹತ್ತಿರದ ನೇತ್ರಾಣಿಯಲ್ಲಿ, ಉಳಿದದ್ದು ಅಂಡಮಾನಿನಲ್ಲಿ. ಇಲ್ಲಿನ ಸೆಳೆತ ಬೇರೆಯೇ ಲೆಕ್ಕ. ಪೆಸಿಫಿಕ್ ಕಡೆಯ ನೀರು ಈ ದ್ವೀಪಗಳ ಸಂದಿಯಲ್ಲಿ ನುಗ್ಗುತ್ತದೆ. ಅದು ಹೊತ್ತು ತರುವ ಸಣ್ಣ ಸಣ್ಣ ಜೀವಿಗಳೇ ಹವಳಕ್ಕೂ ಮೀನಿಗೂ ಊಟ. ಅಂದರೆ ಸೆಳೆತ ಇದ್ದಲ್ಲೇ ಮೀನು.

ಎರಡನೇ ದಿನವೇ ಕೇಪ್ ಕ್ರಿಯಲ್ಲಿ ಇಳಿಸಿದರು. 2012ರಲ್ಲಿ ಮೀನು ತಜ್ಞ ಜೆರಾಲ್ಡ್ ಅಲೆನ್ ಒಂದೇ ಡೈವ್‌ನಲ್ಲಿ 374 ಜಾತಿಯ ಮೀನು ಎಣಿಸಿದ ಜಾಗ ಅದು. ನಾನು ಒಂದು ಸತ್ತ ಹವಳದ ಬಂಡೆ ಹಿಡಿದು ಬಾವುಟದ ಹಾಗೆ ಅಡ್ಡಡ್ಡ ತೇಲುತ್ತಿದ್ದೆ. ಮೇಲೆ ಬರ್ರಕೂಡಾ ಮೀನುಗಳ ಗುಂಪೇ ಸುತ್ತುತ್ತಿತ್ತಂತೆ. ನನ್ನ ಕಣ್ಣು ಗಾಳಿಯ ಗೇಜ್ ಮೇಲೆ. ಇಪ್ಪತ್ತೈದೇ ನಿಮಿಷಕ್ಕೆ ಗಾಳಿ ಮುಗಿಯುತ್ತಾ ಬಂದು 60 ಬಾರ್‌ಗೆ ಇಳಿದಿತ್ತು. ಗೈಡ್ ಕೈ ಹಿಡಿದು ಮೇಲೆ ಕರೆತಂದ. ಅಷ್ಟೊತ್ತಿಗೆ ನಮ್ಮ ಸಣ್ಣ ದೋಣಿ ಚುಕ್ಕಿಯಷ್ಟಾಗಿತ್ತು. ಅವನು ಬಿಟ್ಟ ಕಿತ್ತಳೆ ಬಣ್ಣದ ಉದ್ದ ಬಲೂನು ನೋಡಿಯೇ ಅವರು ಬಂದದ್ದು. ಆ ಬಲೂನು ನಿಮ್ಮ ಹತ್ತಿರವೂ ಒಂದು ಇರಲಿ. ಬಿಡೋದನ್ನು ಊರಲ್ಲೇ ಕಲಿತು ಹೋಗಿ. ಬಂಡೆಗೆ ಸಿಕ್ಕಿಸುವ ರೀಫ್ ಹುಕ್ ಬಳಸೋದನ್ನೂ. ಸೆಳೆತಕ್ಕೆ ಎದುರಾಗಿ ಈಜಬೇಡಿ, ಸುಮ್ನೆ ಗಾಳಿ ಖರ್ಚಾಗುತ್ತದೆ. ನನ್ನ ಕೇಳಿದರೆ, ಸೆಳೆತದಲ್ಲಿ ಹತ್ತು ಡೈವ್ ಆದರೂ ಮಾಡದೆ ಇಲ್ಲಿಗೆ ಬರಬೇಡಿ.

ಮಾಂಟಾ ಸ್ಯಾಂಡಿ ಅನ್ನೋ ಜಾಗದಲ್ಲಿ ತೊರಕೆ ಮೀನಿನ ಜಾತಿಯ ದೊಡ್ಡ ಮಾಂಟಾಗಳು ಮೈ ತಿಕ್ಕಿಸಿಕೊಳ್ಳಲು ಬರುತ್ತವೆ. ಸಣ್ಣ ಮೀನುಗಳು ಮೈಮೇಲಿನ ಹುಳ ಹೆಕ್ಕಿ ತಿನ್ನುತ್ತವೆ. ಮರಳಿನ ಮೇಲೆ ಸಾಲು ಕಲ್ಲು ಇಟ್ಟಿದ್ದಾರೆ, ಅದರ ಹಿಂದೆಯೇ ಕೂರಬೇಕು. ನಾವು ಹೋದಾಗ ಮೂರು ದೋಣಿಯ ಜನ. ನನಗೆ ಗದ್ದಲ ಆಗೋದಿಲ್ಲ, ಮಾರನೇ ದಿನ ಹಟ ಹಿಡಿದು ಬೆಳಕು ಹರಿಯುತ್ತಲೇ ಹೋದೆವು. ನೀರಲ್ಲಿ ನಾವು ನಾಲ್ಕೇ ಜನ, ಎರಡು ಮಾಂಟಾ. ನೀವೂ ಬೆಳಗಿನ ಜಾವಕ್ಕೇ ಕೇಳಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅರ್ಬೊರೆಕ್ ಹಳ್ಳಿಯ ಜೆಟ್ಟಿಯ ಕೆಳಗಿನ ಡೈವ್. ಕೆಲವೇ ಮೀಟರ್ ಆಳ, ನಾವಿಳಿದಾಗ ಸೆಳೆತವೂ ಇರಲಿಲ್ಲ. ಕಂಬಗಳ ನಡುವೆ ಮೀನಿನ ಮೋಡ. ಗಡ್ಡದಂಥ ಅಂಚಿನ ವೊಬೆಗಾಂಗ್ ಶಾರ್ಕ್ ಒಂದು ಹಾಸಿದ ಕಂಬಳಿಯ ಹಾಗೆ ಬಿದ್ದಿತ್ತು. ಗೈಡ್ ತೋರಿಸುವವರೆಗೂ ಕಲ್ಲು ಅಂದುಕೊಂಡಿದ್ದೆ.

ಕೊನೆಯ ಡೈವ್ ಆದ ಮೇಲೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು. ಆ ದಿನವನ್ನು ಸೊರೊಂಗ್‌ನಲ್ಲಿ ಊಟಕ್ಕೇ ಇಡಿ. ಬಂದರಿನ ಹತ್ತಿರದ ಬೀದಿಯಲ್ಲಿ ತಗಡಿನ ಸೂರಿನ ಸಣ್ಣ ಹೋಟೆಲು, ನಾಲ್ಕೇ ಮೇಜು. ಅಲ್ಲಿ ಪಪೆಡಾ ಕೇಳಿ. ಸಾಗೋ ಅನ್ನೋ ತಾಳೆ ಜಾತಿಯ ಮರದ ತಿರುಳಿನ ಹಿಟ್ಟನ್ನು ಕುದಿನೀರಲ್ಲಿ ತಿರುವಿದ ಅಂಟು ಅಂಟು ಗಂಜಿ. ಜೊತೆಗೆ ಅರಿಶಿನ, ನಿಂಬೆ ಹಾಕಿದ ಮೀನಿನ ಹಳದಿ ಸಾರು. ನಾನು ಕುಂದಾಪುರದ ಕಡೆಯವನು, ಮೀನಿನ ಸಾರಿಗೆ ಸುಲಭಕ್ಕೆ ತಲೆಯಾಡಿಸುವವನಲ್ಲ. ಆ ಸಾರನ್ನು ಮೂರು ಸಲ ಹಾಕಿಸಿಕೊಂಡೆ. ತೆಂಗಿನಕಾಯಿ ಇಲ್ಲ, ತೆಳು, ಮೀನು ಅವತ್ತಿನದು. ಅಂಗಡಿಯ ಅಮ್ಮನಿಗೆ ಅಲ್ಲಿ ಇಬು ಅನ್ನುತ್ತಾರೆ. ಎರಡು ಕಡ್ಡಿಯಲ್ಲಿ ಪಪೆಡಾ ಸುತ್ತಿ ಸಾರಿಗೆ ಹಾಕೋದನ್ನು ಅವರೇ ತೋರಿಸಿದರು. ನಾನು ಅಗಿಯಲು ಹೋದೆ. ಅವರು ಕೈ ಅಡ್ಡ ಮಾಡಿ, ಗಂಟಲು ತೋರಿಸಿ, ನುಂಗು ಅಂದರು. ನಮ್ಮ ಮುದ್ದೆಯ ಹಾಗೇ ಅಲ್ವಾ! ಇಬ್ಬರಿಗೆ, ಬೇಯಿಸಿದ ಸೊಪ್ಪು, ಸುಟ್ಟ ಮೀನು ಎಲ್ಲ ಸೇರಿ ಒಂದೂವರೆ ಲಕ್ಷ ರುಪಿಯಾ, ನಮ್ಮ ಲೆಕ್ಕದಲ್ಲಿ ಸುಮಾರು 800 ರೂಪಾಯಿ. ಮಧ್ಯಾಹ್ನ ಹನ್ನೆರಡರೊಳಗೆ ಹೋಗಿ, ಒಂದು ಗಂಟೆಗೆ ಸಾರು ಮುಗಿದುಹೋಗುತ್ತದೆ.