ಕರೆಂಟ್ ಹೋದರೂ ಕುದಿಯುತ್ತಿದ್ದ ಕೊಪ್ಪರಿಗೆ

ಮಕ್ಕಳಿಗೆ ಶಕ್ತಿ ಅಂದರೇನು ಅಂತ ತೋರಿಸಲು ಮಂಡ್ಯದವರಿಗೆ ಲ್ಯಾಬೇ ಬೇಕಾಗಿಲ್ಲ, ಆಲೆಮನೆ ಇದೆ. ಅಕ್ಕನ ಮಗಳನ್ನೂ ಪಕ್ಕದ ಮನೆಯ ಇಬ್ಬರು ಹುಡುಗರನ್ನೂ ಒಂದು ಭಾನುವಾರ ಊರಾಚೆಯ ಆಲೆಮನೆಗೆ ಕರೆದುಕೊಂಡು ಹೋದೆ. 'ಶಕ್ತಿಯನ್ನು ಸೃಷ್ಟಿಸಲೂ ಆಗದು, ನಾಶಪಡಿಸಲೂ ಆಗದು' ಅನ್ನೋದು ಮೂವರಿಗೂ ಬಾಯಿಪಾಠ. ಹಾಗಂದ್ರೇನು ಅಂತ ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಿದ್ದರು.

ಅಂಗಳದ ತುಂಬ ಕಬ್ಬಿನ ಸಿಪ್ಪೆ ಒಣಹಾಕಿದ್ದರು. ಒಲೆಯ ಮುಂದೆ ಕೂತವರು ಒಣಗಿದ ಸಿಪ್ಪೆಯನ್ನು ಕೋಲಿನಿಂದ ಒಳಕ್ಕೆ ತಳ್ಳುತ್ತಲೇ ಇದ್ದರು. ಕೈಗೆ ಬಿಡುವೇ ಇಲ್ಲ.

"ಅಣ್ಣ, ಆಗಲೇ ಕುದೀತಿದೆಯಲ್ಲ, ಇನ್ನೂ ಯಾಕೆ ಹಾಕ್ತೀರಾ?"

"ಕುದ್ದ್ರೆ ಸಾಕಾ ಮಗ? ನೀರೆಲ್ಲ ಇಂಗ್ಬೇಕು ಕಣೋ."

ಎಷ್ಟು ಸರಿಯಾದ ಮಾತು! ಒಂದು ಲೀಟರ್ ನೀರನ್ನು 30 ಡಿಗ್ರಿಯಿಂದ 100 ಡಿಗ್ರಿಗೆ ಕಾಯಿಸಲು ಎಷ್ಟು ಶಾಖ ಬೇಕೋ, ಅದನ್ನು ಪೂರ್ತಿ ಆವಿ ಮಾಡಲು ಅದರ ಏಳು ಪಟ್ಟಿಗೂ ಜಾಸ್ತಿ ಬೇಕು. ನೂರು ಕೆಜಿ ಕಬ್ಬು ಅರೆದರೆ ಸಿಗುವುದು ಸುಮಾರು ಹತ್ತು ಕೆಜಿ ಬೆಲ್ಲ. ಕಬ್ಬಿನ ಹಾಲಿನಲ್ಲಿದ್ದ ನೀರನ್ನೆಲ್ಲ ಓಡಿಸುವುದು ಈ ಸಿಪ್ಪೆಯ ಕೆಲಸ.

ಅಷ್ಟರಲ್ಲಿ ಕರೆಂಟ್ ಹೋಯಿತು. ಮೋಟರ್ ನಿಂತು ಗಾಣ ಗಪ್‌ಚುಪ್. ಕೊಪ್ಪರಿಗೆ ಮಾತ್ರ ತನ್ನ ಪಾಡಿಗೆ ಕೊತಕೊತ ಅನ್ನುತ್ತಿತ್ತು. ನಾನೇ ಹೇಳಿ ಮಾಡಿಸಿದ್ದರೂ ಇಷ್ಟು ಚೆನ್ನಾಗಿ ಆಗುತ್ತಿರಲಿಲ್ಲ.

"ಒಲೆಗೆ ಕರೆಂಟ್ ಬೇಡವಲ್ಲ ಮಾಮ" ಅಂದಳು ಅಕ್ಕನ ಮಗಳು.

ಮತ್ತೆ ಅದಕ್ಕೆ ಶಕ್ತಿ ಎಲ್ಲಿಂದ? ಸಿಪ್ಪೆಯಿಂದ. ಸಿಪ್ಪೆಗೆ? ಕಬ್ಬಿನಿಂದ. ಕಬ್ಬಿಗೆ? ಒಬ್ಬ ಗೊಬ್ಬರ ಅಂದ, ಇನ್ನೊಬ್ಬ ನೀರು ಅಂದ. ಉತ್ತರ ಹೇಳಿಬಿಡೋಣ ಅಂತ ನನ್ನ ನಾಲಿಗೆ ತುರಿಸುತ್ತಿತ್ತು. ಸುಮ್ನಿದ್ದೆ. ಅವಳು ಒಣಹಾಕಿದ್ದ ಸಿಪ್ಪೆಯನ್ನೇ ನೋಡುತ್ತಿದ್ದವಳು "ಬಿಸಿಲು" ಅಂದಳು.

ಹಾಗಾದ್ರೆ ಗಾಣದ ಕರೆಂಟ್? ನಮ್ಮ ಜಿಲ್ಲೆಯ ಶಿವನಸಮುದ್ರದ ಕಥೆ ಹೇಳಿದೆ. 1902ರಲ್ಲೇ ಅಲ್ಲಿ ಕಾವೇರಿ ನೀರಿನಿಂದ ಕರೆಂಟ್ ತಯಾರಿಸಿ ಕೋಲಾರದ ಚಿನ್ನದ ಗಣಿಗೆ ಕಳಿಸಿದ್ದರು. ಆ ನೀರನ್ನು ಮೇಲಕ್ಕೆ ಹೊತ್ತವರು ಯಾರು? ಮೋಡ. ಮೋಡ ಆಗಿದ್ದು ಹೇಗೆ? "ಅದೂ ಬಿಸಿಲೇ!" ಮೂವರೂ ಕೂಗಿದರು.

ಅಲ್ಲಿಗೆ ಪಾಠ ಮುಗೀತು ಅಂದುಕೊಂಡೆ. ಬೆರಳಿಗೆ ಮೆತ್ತಿದ್ದ ಬೆಲ್ಲ ಚೀಪುತ್ತಿದ್ದ ಚಿಕ್ಕವನು ಬಿಡಬೇಕಲ್ಲ? "ಕೈಗಾದ ಕರೆಂಟೂ ಬಿಸಿಲಿಂದಲೇನಾ ಮಾಮ?"

ಅಲ್ಲ, ಕೈಗಾದ್ದು ಅಣು ವಿದ್ಯುತ್, ಅದು ಯುರೇನಿಯಂನಿಂದ, ಆ ಯುರೇನಿಯಂ ನಮ್ಮ ಸೂರ್ಯನಿಗಿಂತಲೂ ಹಳೆಯದು ಅಂದೆ.

"ಅದಕ್ಕೆ ಎಲ್ಲಿಂದ ಬಂತು?"

ಮನೆ ಸೇರುವವರೆಗೂ ಸತ್ತುಹೋದ ನಕ್ಷತ್ರಗಳ ಕಥೆಯೇ ಆಯಿತು.