ಡಮ್ಮಿ ಕೇಕಿಗೆ ಅರ್ಧ ರೇಟ್ ಯಾಕಿಲ್ಲ?

"ಮೇಡಂ, ಒಳಗೆ ಕೇಕೇ ಇರಲ್ಲ ಅಲ್ವಾ? ಹಾಗಾದ್ರೆ ಅರ್ಧ ರೇಟಿಗೆ ಮಾಡ್ಕೊಡಿ."

ಮದುವೆ ಸೀಸನ್ ಬಂತೆಂದರೆ ಫೋನಿನಲ್ಲಿ ಈ ಮಾತು ಗ್ಯಾರಂಟಿ. ಡಮ್ಮಿ ಅಂದರೆ ಹೊರಗೆ ಅಸಲಿ ಕೇಕಿನದೇ ಅಲಂಕಾರ, ಒಳಗೆ ಮಾತ್ರ ಥರ್ಮಾಕೋಲ್ ಅಥವಾ ಖಾಲಿ ಟಿನ್. ಮನೆಯಲ್ಲೇ ಕೇಕ್ ಮಾಡಲು ಹೊಸದಾಗಿ ಶುರು ಮಾಡಿದವರೂ ಕೇಳುತ್ತಾರೆ, ಡಮ್ಮಿಗೆ ಎಷ್ಟು ಹೇಳಬೇಕು ಅಂತ. ಇಬ್ಬರಿಗೂ ನನ್ನ ಉತ್ತರ ಒಂದೇ. ಅಸಲಿ ಕೇಕಿನ ರೇಟಿನ ಮುಕ್ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಅರ್ಧ ಖಂಡಿತ ಅಲ್ಲ.

ನಮ್ಮಲ್ಲಿ ಕೇಕಿನ ರೇಟ್ ಕೆಜಿ ಲೆಕ್ಕದಲ್ಲಿ ಹೇಳುವುದು ರೂಢಿ. ಎಲ್ಲ ಗೊಂದಲ ಶುರುವಾಗುವುದು ಇಲ್ಲೇ. ಬೇಕರಿಯ ಅರ್ಧ ಕೆಜಿ ಬರ್ತ್‌ಡೇ ಕೇಕಿಗೆ ಆ ಲೆಕ್ಕ ಸರಿ. ರಿಸೆಪ್ಷನ್ ಸ್ಟೇಜಿನ ಮೇಲೆ ನಿಲ್ಲುವ ಮೂರು ಅಂತಸ್ತಿನ ಕೇಕಿನಲ್ಲಿ ಮಾತ್ರ ದುಡ್ಡು ಹೋಗುವುದು ಮೈದಾ, ಬೆಣ್ಣೆ, ಮೊಟ್ಟೆಗೆ ಅಲ್ಲ, ಹೊರಗಿನ ಕೆಲಸಕ್ಕೆ. ಮದುವೆ ಬ್ಲೌಸಿಗೆ ಬಟ್ಟೆ ನೀವೇ ತಂದುಕೊಟ್ಟರೂ ಆರಿ ವರ್ಕ್ ಮಾಡುವವರು ಕೂಲಿ ಕಡಿಮೆ ಮಾಡುತ್ತಾರಾ?

ನನ್ನ ಲೆಕ್ಕ ಬಿಚ್ಚಿಯೇ ಹೇಳುತ್ತೇನೆ. 6, 8, 10 ಇಂಚಿನ ಮೂರು ಅಂತಸ್ತು ಅಂದುಕೊಳ್ಳಿ. ಅಸಲಿಯಾದರೆ ಸುಮಾರು 9 ಕೆಜಿ, ಸಕ್ಕರೆ ಹೂವಿನ ಡಿಸೈನ್ ಇದ್ದರೆ ಕೆಜಿಗೆ 1,800 ರೂಪಾಯಿಯಂತೆ 16,200. ಡಮ್ಮಿ ಮಾಡಿದರೆ ನನಗೆ ಉಳಿಯುವುದು ಒಳಗಿನ ಕೇಕ್ ಮತ್ತು ಅದಕ್ಕೆ ಸವರುವ ಚಾಕೊಲೇಟ್ ಕ್ರೀಮ್ ಲೇಪವಾದ ಗನಾಶ್‌ನ ಸಾಮಾನು, ಅದು 2,700 ರೂಪಾಯಿ. ಬೇಯಿಸಿ, ಆರಿಸಿ, ಪದರ ಕತ್ತರಿಸಿ ತುಂಬುವ ಐದು ಗಂಟೆ ಕೂಲಿ 1,250. ಇವೆರಡನ್ನೂ ಕಳೆಯುತ್ತೇನೆ. ಒಳಗೆ ಇಡುವ ಡಬ್ಬ, ಅದರ ತಯಾರಿಗೆ 350 ಸೇರಿಸುತ್ತೇನೆ. ಬರುವುದು 12,600. ಫಾಂಡೆಂಟ್, ಅಂದರೆ ಲಟ್ಟಿಸಿ ಮೇಲೆ ಹೊದಿಸುವ ಸಕ್ಕರೆ ಹಾಳೆ, ಎರಡಕ್ಕೂ ಎರಡೂವರೆ ಕೆಜಿ ಹತ್ತಿರ ಬೇಕೇ ಬೇಕು. ಹೂವಿನ ದಳ ಒಂದೊಂದಾಗಿ ಕತ್ತರಿಸಿ, ಅಂಚು ತೆಳುವಾಗಿಸಿ, ತಂತಿಗೆ ಸೇರಿಸಿ ಒಣಗಿಸುವುದೂ ಎರಡಕ್ಕೂ ಒಂದೇ. ಸಾಗಾಟ, ಸ್ಟೇಜಿನ ಮೇಲೆ ಜೋಡಿಸುವುದು ಯಾವುದೂ ಬದಲಾಗಲ್ಲ.

ಕೆಲವು ಕಡೆ ಡಮ್ಮಿಯೇ ಜಾಸ್ತಿ ಕಾಟ ಕೊಡುತ್ತದೆ. ಅಸಲಿ ಕೇಕಿನ ಮೇಲೆ ಗನಾಶ್ ಇರುತ್ತದೆ, ಫಾಂಡೆಂಟ್ ಹಿಡಿದುಕೊಳ್ಳುತ್ತದೆ, ಸಣ್ಣಪುಟ್ಟ ಉಬ್ಬುತಗ್ಗು ಮುಚ್ಚಿಹೋಗುತ್ತದೆ. ಥರ್ಮಾಕೋಲಿನ ಅಂಚು ಚೂಪು. ಸ್ಯಾಂಡ್ ಪೇಪರ್ ಹಾಕಿ ಉಜ್ಜದಿದ್ದರೆ ಫಾಂಡೆಂಟ್ ಅಲ್ಲೇ ಸೀಳಿಹೋಗುತ್ತದೆ. 2022ರ ಜುಲೈ 1ರಿಂದ ಅಲಂಕಾರದ ಥರ್ಮಾಕೋಲ್ ದೇಶದಲ್ಲೇ ನಿಷೇಧವಾಗಿದೆ, ಆದರೂ ಅಂಗಡಿಯಲ್ಲಿ ಸಿಗುತ್ತದೆ, ಅದು ಬೇರೆ ಮಾತು. ನಾನು ಹಳೆಯ ಅಲ್ಯೂಮಿನಿಯಂ ಕೇಕ್ ಟಿನ್‌ಗಳನ್ನೇ ಬೋರಲು ಹಾಕಿ ಬಳಸುತ್ತೇನೆ. ಫಾಂಡೆಂಟ್ ಕಿತ್ತು ತೊಳೆದರೆ ಮತ್ತೆ ಸಿದ್ಧ. ಇಡೀ ಕೇಕ್ ಹಗುರ ಆಗುವುದರಿಂದ ಬಯಲು ಜಾಗದ ರಿಸೆಪ್ಷನ್ ಆದರೆ ಕೆಳಗಿನ ಟಿನ್ನಿನೊಳಗೆ ಭಾರಕ್ಕೆ ಒಂದು ಟೈಲ್ಸ್ ತುಂಡು ಅಂಟಿಸಲೇಬೇಕು, ಇಲ್ಲದಿದ್ದರೆ ಪೆಡೆಸ್ಟಲ್ ಫ್ಯಾನ್ ಗಾಳಿಗೇ ಅಲ್ಲಾಡುತ್ತದೆ.

ಡಮ್ಮಿಯಿಂದ ನನಗೂ ಒಂದು ಲಾಭ ಇದೆ, ಅದನ್ನು ಮುಚ್ಚಿಡಲ್ಲ. ಹಾಳಾಗುವ ವಸ್ತು ಒಳಗಿಲ್ಲ, ಹಾಗಾಗಿ ಒಂದು ವಾರ ಮೊದಲೇ ಮುಗಿಸಿಡಬಹುದು. ಮುಹೂರ್ತಗಳು ಒತ್ತೊತ್ತಾಗಿ ಬರುವ ದಿನಗಳಲ್ಲಿ ಇದು ದೊಡ್ಡ ವಿಷಯ. ಒಂದು ತಿಂಗಳು ಮೊದಲೇ ಆರ್ಡರ್ ಕೊಟ್ಟವರಿಗೆ ಇದಕ್ಕೇ ಸ್ವಲ್ಪ ಬಿಡುತ್ತೇನೆ. ಆಷಾಢದಲ್ಲಿ ಹೇಗೂ ಮದುವೆ ಇರಲ್ಲ, ಆಗ ಕೂತು ಸಕ್ಕರೆ ಹೂವು ಮಾಡಿಟ್ಟುಕೊಳ್ಳುತ್ತೇನೆ. ಆದರೆ ಅದು ಮಳೆಗಾಲ. ಗಾಳಿಯ ತೇವಕ್ಕೆ ದಳ ಮೆತ್ತಗಾಗಿ ಬಾಗುತ್ತದೆ, ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಡಬ್ಬದಲ್ಲೇ ಇಡಬೇಕು. ಮಂಗಳೂರಿನ ಕಡೆ ಮಾಡುವವರ ಕಷ್ಟ ನೆನೆಸಿಕೊಂಡರೆ ಬೆಂಗಳೂರಿನ ಹವೆ ಎಷ್ಟೋ ವಾಸಿ.

ಈಗ ಗಿರಾಕಿಯ ಕಡೆಯಿಂದ ನೋಡಿ. 300 ಜನಕ್ಕೆ ತಲಾ 50 ಗ್ರಾಂ ಕೇಕ್ ಕೊಡಬೇಕು ಅಂದರೆ 15 ಕೆಜಿ. ಎಲ್ಲವನ್ನೂ ಅಲಂಕರಿಸಿದ ಅಸಲಿ ಕೇಕ್ ಆಗಿ ಕೇಳಿದರೆ 27,000 ಆಗುತ್ತದೆ. ಅದರ ಬದಲು ಸ್ಟೇಜಿಗೆ 12,600ರ ಡಮ್ಮಿ, ಹಿಂದೆ ಅಡುಗೆಮನೆಯಲ್ಲಿ ಸಾದಾ ಕ್ರೀಮ್ ಕೇಕ್ ಕೆಜಿಗೆ 700ರಂತೆ 10,500. ಒಟ್ಟು 23,100. ಉಳಿತಾಯ ಇದೆ, ಆದರೆ ನೀವು ಅಂದುಕೊಂಡಷ್ಟಿಲ್ಲ. ಬಾಳೆಎಲೆ ಊಟ ಮುಗಿಸಿದವರಲ್ಲಿ ಕೇಕ್ ತಿನ್ನುವವರು 50 ಜನ ಮಾತ್ರ ಅನ್ನುವುದಾದರೆ ಇನ್ನೂ ವಿಚಿತ್ರ. ಡಮ್ಮಿಗೂ ಎರಡೂವರೆ ಕೆಜಿ ಸಾದಾ ಕೇಕಿಗೂ ಸೇರಿ 14,350, ಪೂರ್ತಿ ಅಸಲಿ ಮೂರಂತಸ್ತಿಗೆ 16,200. ಇಷ್ಟು ಕಡಿಮೆ ವ್ಯತ್ಯಾಸಕ್ಕೆ ಸುಮ್ನೆ ಟಿನ್ ಮುಂದೆ ನಿಂತು ಫೋಟೋ ಯಾಕೆ ಅಂತ ನಾನೇ ಕೇಳಿದ್ದೇನೆ.

ಅದಕ್ಕೇ ನನ್ನ ಸಲಹೆ: ದುಡ್ಡು ಉಳಿಸಬೇಕಾದರೆ ಒಳಗಿನ ಕೇಕ್ ಕಡಿಮೆ ಮಾಡಬೇಡಿ, ಹೊರಗಿನ ಕೆಲಸ ಕಡಿಮೆ ಮಾಡಿ. ಸಕ್ಕರೆ ಹೂವಿನ ಬದಲು ಒಂದು ರಿಬ್ಬನ್ ಸುತ್ತಿದರೆ ರೇಟ್ ತಾನಾಗೇ ಇಳಿಯುತ್ತದೆ. ಡಮ್ಮಿ ಬೇಕಾಗುವುದು ಎತ್ತರಕ್ಕೆ. ಐದು ಅಂತಸ್ತು ಬೇಕು, 25 ಕೆಜಿ ತಿನ್ನುವವರಿಲ್ಲ ಅಂದಾಗ ಅದಕ್ಕೆ ಅರ್ಥ ಇದೆ. ಆಗ ಮೇಲಿನ ಅಂತಸ್ತು ಅಸಲಿ, ಉಳಿದದ್ದು ಡಮ್ಮಿ. ಗಂಡು ಹೆಣ್ಣು ಅದನ್ನೇ ಕತ್ತರಿಸುತ್ತಾರೆ.

ಇನ್ನೂ ಕಡಿಮೆಗೆ ಬೇಕು ಅನ್ನುವವರಿಗೆ ಬಾಡಿಗೆ ಕೇಕ್ ಇದೆ. ಇದೇನೂ ಹೊಸದಲ್ಲ. ಎರಡನೇ ಮಹಾಯುದ್ಧದಲ್ಲಿ ಸಕ್ಕರೆ ಉಳಿಸಲು ಬ್ರಿಟನ್ 1940ರಲ್ಲಿ ಕೇಕಿನ ಮೇಲೆ ಐಸಿಂಗ್ ಹಾಕುವುದನ್ನೇ ನಿಷೇಧಿಸಿತು. ಜನ ರಟ್ಟಿನ ಅಲಂಕಾರದ ಗೂಡನ್ನು ಬಾಡಿಗೆಗೆ ತಂದು ಪುಟ್ಟ ಕೇಕಿನ ಮೇಲೆ ಮುಚ್ಚಿ ಮದುವೆ ಮಾಡಿಕೊಂಡರು. ನನ್ನ ಬಾಡಿಗೆ 4,000, ಮುಂಗಡ ಠೇವಣಿ ಇನ್ನೊಂದು 4,000. ಬಣ್ಣ ಬದಲಾಯಿಸಲು ಆಗಲ್ಲ. ಬೆರಳಿನ ಗುರುತು ಸರಿಮಾಡಿಕೊಳ್ಳುತ್ತೇನೆ, ಮುರಿದ ಹೂವಿನ ದುಡ್ಡು ಠೇವಣಿಯಲ್ಲಿ ಹಿಡಿಯುತ್ತೇನೆ.

ಯಾವುದನ್ನೇ ತೊಗೊಳ್ಳಿ, ಅಡುಗೆ ಕಾಂಟ್ರಾಕ್ಟರಿಗೆ ಮೊದಲೇ ಹೇಳಿಡಿ, ಬಡಿಸುವ ಹುಡುಗರು ಚಾಕು ಹಿಡಿದು ಟಿನ್ ಹತ್ತಿರ ಬರುವುದು ಬೇಡ. ಹೂವಿನೊಳಗೆ ತಂತಿ ಇರುತ್ತದೆ, ಮಕ್ಕಳ ಕೈಗೆ ಕೊಡಬೇಡಿ.